ಪೇಪರಲ್ಲಿ ರಾಹುಕಾಲದ ಪಕ್ಕ ಸಮುದ್ರ ಇಳಿಯೋ ಟೈಮೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಾನು ಬಂಗಾರಪೇಟೆ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು, ಇಪ್ಪತ್ತೆರಡು ವರ್ಷ ಸರ್ವೀಸ್ ಆಯ್ತು. ನಿಮ್ಮ ಪತ್ರಿಕೆಗೆ ಬರೀತಿರೋದು ಇದೇ ಮೊದಲು. ವಿಷಯ ಸ್ಕೂಲ್ ಟೂರ್‌ದು, ಸಮುದ್ರದ್ದು, ಕಪ್ಪೆಚಿಪ್ಪಿಂದು. ಕೋಲಾರದೋರಿಗೂ ಕಪ್ಪೆಚಿಪ್ಪಿಗೂ ಏನ್ರೀ ಸಂಬಂಧ ಅಂತ ಕೇಳ್ಬೇಡಿ, ಪೂರ್ತಿ ಓದಿ, ಸ್ವಲ್ಪ ಉದ್ದ ಆಗುತ್ತೆ, ಕತ್ತರಿಸೋದಾದ್ರೆ ಬೇರೆ ಎಲ್ಲಿ ಬೇಕಾದ್ರೂ ಕತ್ತರಿಸಿ ಆದ್ರೆ ಕೊನೇಲಿರೋ ಬೇಡಿಕೆ ಮಾತ್ರ ಬಿಡ್ಬೇಡಿ ದಯವಿಟ್ಟು.

ನಮ್ಮ ಜಿಲ್ಲೇಲಿ ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲ, ಬೋರ್‌ವೆಲ್ ಸಾವಿರದ ಇನ್ನೂರು ಅಡಿ ಕೊರೆದ್ರೂ ಧೂಳು ಬರೋ ಊರುಗಳಿವೆ, ಅಂಥ ಊರಿನ ಮಕ್ಕಳು ಮೊದಲ್ನೇ ಸಲ ಸಮುದ್ರ ನೋಡೋ ಗಳಿಗೆ ಇದೆಯಲ್ಲ ಅದನ್ನ ನಾನು ಆರೇಳು ಸಲ ಪಕ್ಕದಲ್ಲಿ ನಿಂತು ನೋಡಿದೀನಿ. ಬಸ್ಸಲ್ಲಿ ರಾತ್ರಿಯೆಲ್ಲ ಹಾಡು ಹೇಳಿ ಗಂಟಲು ಕಟ್ಟಿಸ್ಕೊಂಡಿರೋ ಮಕ್ಕಳು ಹಾಗೇ ಸುಮ್ಮನಾಗ್ಬಿಡ್ತಾರೆ. ಒಬ್ಬ ಹುಡುಗ ಬೊಗಸೇಲಿ ನೀರು ತಗೊಂಡು ಬಾಯಿಗೆ ಹಾಕಿ ಉಗುಳಿ, "ಸಾರ್, ಇಷ್ಟೊಂದು ನೀರಿದೆ, ನಮ್ಮೂರಿಗೆ ಯಾಕೆ ಪೈಪ್ ಹಾಕಲ್ಲ" ಅಂತ ಕೇಳಿದ್ದ, ಅವನ ಮುಖ ನಂಗೆ ಇವತ್ತಿಗೂ ಮರೆತಿಲ್ಲ.

ಆದ್ರೆ ಆಮೇಲೆ ಏನ್ ಮಾಡಿಸ್ತೀವಿ ಅವ್ರ ಕೈಲಿ? ಟೂರ್ ಪ್ರೋಗ್ರಾಂ ಶೀಟಲ್ಲಿ ಬೀಚ್ ಅಂತ ಒಂದು ಸಾಲು ಇರುತ್ತೆ, ಮುಕ್ಕಾಲು ಗಂಟೆ. ಅದೂ ದೇವಸ್ಥಾನಕ್ಕೂ ಊಟಕ್ಕೂ ಮಧ್ಯೆ ಬಿಸಿಲು ನೆತ್ತಿ ಮೇಲಿರುವಾಗ. ಆ ಹೊತ್ತಲ್ಲಿ ಸಮುದ್ರ ಏರ್ತಿದೆಯೋ ಇಳೀತಿದೆಯೋ ಮಕ್ಕಳಿಗೂ ಗೊತ್ತಿಲ್ಲ ನಮಗೂ ಗೊತ್ತಿಲ್ಲ ಡ್ರೈವರ್‌ಗಂತೂ ಗೊತ್ತೇ ಇಲ್ಲ. ಮಕ್ಕಳು ನೇರ ಅಲೆಗೆ ಓಡ್ತಾರೆ. 2024ರ ಡಿಸೆಂಬರ್ 10ಕ್ಕೆ ಮುರ್ಡೇಶ್ವರದಲ್ಲಿ ನಮ್ಮ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದ್ರು. ಅದರ ಬಗ್ಗೆ ನಾನು ಹೆಚ್ಚಿಗೆ ಬರೆಯಲ್ಲ, ಆ ಮನೆಗಳಲ್ಲೂ ಪೇಪರ್ ಓದ್ತಾರೆ. ಆವತ್ತಿನ ರಾತ್ರಿ ನಮ್ಮ ಸ್ಕೂಲಿನ ಪೇರೆಂಟ್ಸ್ ಗ್ರೂಪಲ್ಲಿ ಯಾರೂ ಮಲಗಿರ್ಲಿಲ್ಲ. ಆ ವರ್ಷ ನಮ್ಮ ಟೂರ್ ಕ್ಯಾನ್ಸಲ್, ಅದರ ಮುಂದಿನ ಮೀಟಿಂಗಲ್ಲಿ "ಸಮುದ್ರ ಒಂದು ಬೇಡ ಸಾರ್, ಬೇಕಾದ್ರೆ ಹಂಪಿ ತೋರ್ಸಿ" ಅಂದ್ರು. ತಂದೆತಾಯಿ ಹೇಳಿದ್ರಲ್ಲಿ ತಪ್ಪೇನಿದೆ. ನಾನೂ ತಲೆ ಅಲ್ಲಾಡಿಸಿದೆ.

ಆದ್ರೆ ಆಮೇಲೆ ಯೋಚ್ನೆ ಮಾಡ್ತಾ ಮಾಡ್ತಾ ನಂಗೆ ಅನ್ಸಿದ್ದು, ಸಮುದ್ರ ತೋರಿಸೋದು ಅಂದ್ರೆ ಅಲೆಗೆ ಬಿಡೋದು ಅಂತ ಯಾರು ಹೇಳಿದ್ರು? ನೀರು ಹಿಂದೆ ಸರಿದಾಗ ಒಣಗಿದ ಕಡೆ ನಡೀಬಹುದಲ್ಲ, ಮರಳಲ್ಲಿ ಏನೇನು ಬಿದ್ದಿದೆ ಅಂತ ಹುಡುಕಬಹುದಲ್ಲ. ಇದು ನಾನು ಮನೇಲಿ ಕೂತು ಕಟ್ಟಿದ ಮಾತಲ್ಲ, 2023ರ ಜನವರೀಲಿ ಒಂದು ಸಲ ಮಾಡಿ ನೋಡಿದೀವಿ. ಅದನ್ನ ಹೇಳೋಕಿಂತ ಮುಂಚೆ 2016ರದ್ದು ಹೇಳ್ಬೇಕು, ಯಾಕಂದ್ರೆ ಅದರಲ್ಲಿ ತಪ್ಪು ನಂದು.

2016ರಲ್ಲಿ ನಲವತ್ನಾಲ್ಕು ಮಕ್ಕಳನ್ನ ಕರ್ಕೊಂಡು ಕರಾವಳಿಗೆ ಹೋಗಿದ್ದೆ. ಬೀಚಲ್ಲಿ ಮಕ್ಕಳಿಗೆ ಕಪ್ಪೆಚಿಪ್ಪು ಆರಿಸಿಕೊಳ್ಳಿ, ಸ್ಕೂಲ್ ಲ್ಯಾಬಿಗೆ ಕಲೆಕ್ಷನ್ ಮಾಡೋಣ, ಯಾರು ಜಾಸ್ತಿ ತರ್ತಾರೋ ಅವರಿಗೆ ಪೆನ್ನು ಅಂತ ನಾನೇ ಅಂದೆ. ಒಬ್ಬೊಬ್ಬರೂ ಒಂದೊಂದು ಕವರ್ ತುಂಬಿಸ್ಕೊಂಡ್ರು. ರಾತ್ರಿ ಘಟ್ಟ ಹತ್ತಿ ಬಸ್ಸು ಶಿವಮೊಗ್ಗ ದಾಟೋ ಹೊತ್ತಿಗೆ ಒಂಥರಾ ವಾಸನೆ ಶುರುವಾಯ್ತು, ಯಾರೋ ವಾಂತಿ ಮಾಡಿದಾರೆ ಅಂದ್ಕೊಂಡ್ವಿ, ಅರಸೀಕೆರೆ ಹತ್ರ ಬೆಳಗಾಗ್ತಾ ತಡೆಯೋಕಾಗದೆ ಬಸ್ ನಿಲ್ಲಿಸಿ ಎಲ್ಲರ ಬ್ಯಾಗ್ ಇಳಿಸಿ ನೋಡಿದ್ರೆ ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಕವರ್‌ನಿಂದ ಬರ್ತಿತ್ತು. ರೋಡ್ ಪಕ್ಕ ಪೇಪರ್ ಹಾಸಿ ಸುರಿದೆ. ಮೂವತ್ತೊಂದು ಚಿಪ್ಪು. ಒಂದೂ ಖಾಲಿ ಇರ್ಲಿಲ್ಲ. ಬಸವನಹುಳು ಥರದ್ದು ಬಾಯಿಗೆ ಕಂದು ಬಣ್ಣದ ಮುಚ್ಚಳ ಎಳ್ಕೊಂಡು ಒಳಗೇ ಸತ್ತಿದ್ವು, ಕೆಲವದರಿಂದ ಪುಟ್ಟ ಏಡಿ ಅರ್ಧ ಹೊರಗೆ ಬಂದು ಹಾಗೇ ಸೆಟೆದುಕೊಂಡಿದ್ವು. ಹುಡುಗಿ, "ಖಾಲಿ ಅಂದ್ಕೊಂಡಿದ್ದೆ ಸಾರ್, ಅಲ್ಲಾಡ್ಲಿಲ್ಲ ಅವು" ಅಂತ ಅಳೋಕೆ ಶುರು ಮಾಡಿದ್ಲು. ಅವಳಿಗೇನು ಗೊತ್ತು, ಹೇಳಿಕೊಡ್ಬೇಕಾಗಿದ್ದೋನು ನಾನು, ಮೃದ್ವಂಗಿಗಳು ಪಾಠ ಹತ್ತು ಸಲ ಮಾಡಿರೋ ನನಗೇ ಬಾಯಿಗೆ ಮುಚ್ಚಳ ಇದ್ರೆ ಜೀವ ಇದೆ ಅಂತ ಅರ್ಥ ಅನ್ನೋದು ಆ ಬೀಚಲ್ಲಿ ಹೊಳೀಲಿಲ್ಲ. ಪೆನ್ನು ಯಾರಿಗೂ ಕೊಡ್ಲಿಲ್ಲ.

ಅದೇ ಟೂರಲ್ಲಿ ಇನ್ನೊಂದು ಆಯ್ತು. ದೇವಸ್ಥಾನದ ಮುಂದಿನ ಅಂಗಡಿ ಸಾಲಲ್ಲಿ ಎರಡು ಮಕ್ಕಳು ಬಿಳೀ ಹವಳದ ತುಂಡು, ಒಣಗಿಸಿದ ಸಮುದ್ರ ಕುದುರೆ ಕೊಂಡ್ಕೊಂಡು ಬಂದಿದ್ರು, ಕೀ ಬಂಚಿಗೆ ಹಾಕೋಕೆ. ಊರಿಗೆ ಬಂದ್ಮೇಲೆ ಓದಿ ತಿಳ್ಕೊಂಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪಟ್ಟಿಗೆ 2001ರಲ್ಲೇ ಹವಳ, ಬೀಸಣಿಗೆ ಥರ ಇರೋ ಸೀ ಫ್ಯಾನ್, ಸಮುದ್ರ ಕುದುರೆ, ಸಮುದ್ರ ಸೌತೆ ಅನ್ನೋ ಪ್ರಾಣಿ, ಕೆಲವು ಜಾತಿ ದೊಡ್ಡ ಶಂಖ ಚಿಪ್ಪುಗಳನ್ನೂ ಸೇರಿಸಿದಾರೆ. ಹುಲಿ ಉಗುರು ಮಾರೋದು ತಪ್ಪು ಅಂತ ಈಗ ಮಗುವಿಗೂ ಗೊತ್ತು, ಸಮುದ್ರ ಕುದುರೆ ಮಾರೋದೂ ಅದೇ ಕಾಯ್ದೆ ಕೆಳಗೇ ಬರುತ್ತೆ ಅನ್ನೋದು ಮೇಷ್ಟ್ರಿಗೂ ಗೊತ್ತಿರಲ್ಲ. ತಿಮಿಂಗಿಲದ ವಾಂತಿ ಅಂತ ಪೇಪರಲ್ಲಿ ಆಗಾಗ ಬರುತ್ತಲ್ಲ, ಅಂಬರ್‌ಗ್ರಿಸ್, ಅದೂ ಅಷ್ಟೆ, ಇಟ್ಕೊಳ್ಳೋದೂ ಮಾರೋದೂ ನಮ್ಮ ದೇಶದಲ್ಲಿ ಅಪರಾಧ. ಮರಳಲ್ಲಿ ಅಂಥದ್ದೇನಾದ್ರೂ ಸಿಕ್ಕಿದ್ರೆ ಫಾರೆಸ್ಟ್ ಡಿಪಾರ್ಟ್‌ಮೆಂಟಿಗೆ ತಿಳಿಸ್ಬೇಕು.

ಈಗ 2023. ನಮ್ಮ ಸ್ಕೂಲಿಗೆ ಕನ್ನಡ ಮೇಡಂ ಬಂದಿದ್ರು, ಕುಮಟಾ ಕಡೆಯೋರು. ಸ್ಟಾಫ್ ರೂಮಲ್ಲಿ ಟೂರ್ ಮಾತು ಬಂದಾಗ ಅವರು ಕೇಳಿದ ಮೊದಲ್ನೇ ಪ್ರಶ್ನೆ, "ಸಾರ್, ಆವತ್ತು ಇಳಿತ ಎಷ್ಟೊತ್ತಿಗೆ?" ಅಂತ. ನಾವು ಮುಖಮುಖ ನೋಡ್ಕೊಂಡ್ವಿ. ಅವ್ರು ವಿವರಿಸಿದ್ರು, ದಿನಕ್ಕೆ ಎರಡು ಸಲ ಭರತ, ಅಂದ್ರೆ ಉಬ್ಬರ, ಎರಡು ಸಲ ಇಳಿತ, ಒಂದು ಭರತದಿಂದ ಇನ್ನೊಂದು ಭರತಕ್ಕೆ ಹನ್ನೆರಡೂ ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರುತ್ತೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ನೀರು ತುಂಬಾ ಮೇಲೆ ಬಂದು ತುಂಬಾ ಕೆಳಕ್ಕೆ ಇಳಿಯುತ್ತೆ, ಅಷ್ಟಮಿ ಹತ್ರ ಎರಡೂ ಕಮ್ಮಿ. ಇಷ್ಟನ್ನ ನಾನೂ ಪಾಠ ಮಾಡಿದೀನಿ, ಚಂದ್ರ ಸೂರ್ಯ ಭೂಮಿ ಮೂರು ಸುತ್ತು ಬರೆದು. ಅದನ್ನ ಟೂರ್ ಪ್ರೋಗ್ರಾಂ ಶೀಟಿಗೆ ಹಾಕ್ಬೇಕು ಅಂತ ಮಾತ್ರ ತಲೆಗೆ ಹೋಗಿರ್ಲಿಲ್ಲ.

ಮೇಡಂ ಅವರ ತಮ್ಮ ಅಲ್ಲೇ ಊರಲ್ಲಿರೋರು, ಅವ್ರು ಬೆಳಗ್ಗೆ ಇಳಿತದ ಹೊತ್ತಿಗೆ ಸರಿಯಾಗಿ ಧಾರೇಶ್ವರದ ಕಡೆ ಬರೋಕೆ ಹೇಳಿದ್ರು. ನಾವು ಹೋದಾಗ ಸಮುದ್ರ ಎಷ್ಟೋ ದೂರ ಹಿಂದೆ ಹೋಗಿತ್ತು, ಒದ್ದೆ ಮರಳು ಕನ್ನಡಿ ಥರ ಹಾಸ್ಕೊಂಡಿತ್ತು. ಅವರು ಮೊದಲು ಮಾಡಿದ ಕೆಲಸ ಏನಂದ್ರೆ, ಒಂದು ಕೋಲಲ್ಲಿ ಉದ್ದಕ್ಕೆ ಗೀಟು ಎಳೆದು, ಈ ಗೀಟಿಂದ ಆಚೆ ಒಂದು ಕಾಲೂ ಇಡಂಗಿಲ್ಲ ಅಂದ್ರು. ಇಳಿತ ಅಂದ್ರೆ ಈಜೋಕೆ ಸೇಫ್ ಅಂತಲ್ಲ, ಇಳಿಯೋ ನೀರು ಹೊರಗಡೆಗೇ ಎಳೆಯುತ್ತೆ, ನೋಡೋಕೆ ಶಾಂತ ಇದ್ದ ಕಡೇನೇ ಸೆಳೆತ ಜಾಸ್ತಿ ಇರಬಹುದು ಅಂತ ಹೇಳಿದ್ರು. ಗೀಟಿನ ಉದ್ದಕ್ಕೂ ನಾವು ನಾಲ್ಕು ಜನ ಟೀಚರ್ಸು ನೀರಿನ ಕಡೆಗೆ ಬೆನ್ನು ಹಾಕ್ದೆ, ಮಕ್ಕಳ ಕಡೆಗೂ ಬೆನ್ನು ಹಾಕ್ದೆ, ಓರೆಯಾಗಿ ನಿಂತ್ಕೊಂಡ್ವಿ. ಎರಡು ಗಂಟೆ ಒಂದು ಮಗೂನೂ ಗೀಟು ದಾಟ್ಲಿಲ್ಲ. ಯಾಕೆ ದಾಟ್ಲಿಲ್ಲ ಅಂದ್ರೆ ಅವರಿಗೆ ಈಚೆ ಕಡೆನೇ ಪುರುಸೊತ್ತಿರ್ಲಿಲ್ಲ.

ಭರತದ ನೀರು ಎಲ್ಲಿತನಕ ಬಂದಿತ್ತೋ ಅಲ್ಲಿ ಒಂದು ಕಸದ ಗೆರೆ ಇರುತ್ತೆ, ಕಡ್ಡಿ, ಪಾಚಿ, ಬಲೆ ಚೂರು, ಚಿಪ್ಪು ಎಲ್ಲ ಸೇರ್ಕೊಂಡು. ಅದೇ ಗೆರೆ ಹಿಡಿದು ನಡೆಯೋದು, ಅಷ್ಟೇ ಕೆಲಸ. ಹತ್ತು ಹೆಜ್ಜೆ ಹಾಕೋ ಅಷ್ಟರಲ್ಲಿ ಒಬ್ಬ ಹುಡುಗಿ ಒಂದು ಚಿಪ್ಪು ತಂದು, "ಸಾರ್ ಇದಕ್ಕೆ ಯಾರೋ ದಾರ ಪೋಣಿಸೋಕೆ ತೂತು ಮಾಡಿದಾರೆ" ಅಂದ್ಲು. ನಾನು ಕೈಯಲ್ಲಿ ತಗೊಂಡು ನೋಡಿದೆ. ಎರಡು ಹೋಳಿನ ಚಿಪ್ಪಿನ ಒಂದು ಹೋಳು, ಕೀಲು ಇರುತ್ತಲ್ಲ ಅದರ ಹತ್ರ, ಕಂಪಾಸಲ್ಲಿ ಬರೆದಷ್ಟು ದುಂಡಗೆ ಒಂದು ತೂತು. ಹೊರಗಡೆ ಅಗಲ, ಒಳಗೆ ಹೋಗ್ತಾ ಕಿರಿದು, ಬಡಗಿ ಸ್ಕ್ರೂ ತಲೆ ಕೂರೋಕೆ ಕೊರೀತಾನಲ್ಲ ಆ ಥರ. ಮೂನ್ ಸ್ನೇಲ್ ಅಂತ ಒಂದು ಗುಂಡನೆ ಬಸವನಹುಳು ಇದೆ, ಅದು ಮರಳೊಳಗೇ ತೆವಳಿ ಹೋಗಿ ಈ ಚಿಪ್ಪಿನ ಪ್ರಾಣೀನ ತಬ್ಕೊಂಡು ಆಸಿಡ್ ಬಿಟ್ಟು ಮೆತ್ತಗೆ ಮಾಡಿ ನಾಲಿಗೇಲಿರೋ ಅರದಂಥ ಹಲ್ಲಿನ ಪಟ್ಟೀಲಿ ಉಜ್ಜಿ ಉಜ್ಜಿ ಗಂಟೆಗಟ್ಟಲೆ ಕೂತು ಕೊರೆಯುತ್ತೆ, ಆಮೇಲೆ ಆ ತೂತಿಂದಲೇ ಒಳಗಿನದನ್ನ ತಿನ್ನುತ್ತೆ. ಇದನ್ನ ಹೇಳಿದ್ದೇ ತಡ, ನಲವತ್ತು ಮಕ್ಕಳೂ ತೂತಿನ ಚಿಪ್ಪು ಹುಡುಕೋಕೆ ಶುರು. ಎಷ್ಟು ಚಿಪ್ಪಲ್ಲಿ ಎಷ್ಟಕ್ಕೆ ತೂತಿದೆ ಅಂತ ಬುಕ್ಕಲ್ಲಿ ಗೀಟು ಹಾಕ್ಕೊಂಡು ಎಣಿಸಿದ್ರು. ಪರ್ಸೆಂಟೇಜ್ ಲೆಕ್ಕ ಅಂದ್ರೆ ಓಡಿಹೋಗೋ ಮಕ್ಕಳು ಕಣ್ರೀ ಅವು.

ಆ ಮೂನ್ ಸ್ನೇಲಿಂದೇ ಇನ್ನೊಂದು ಸಿಕ್ತು, ಹರಿದ ರಬ್ಬರ್ ವಾಷರ್ ಥರ ಬೂದುಬಣ್ಣದ ಕಾಲರ್. ಪ್ಲಾಸ್ಟಿಕ್ ಅಂತ ಒಬ್ಬ ತುಳಿಯೋಕೆ ಹೋದ. ಮೇಡಂ ತಮ್ಮ ತಡೆದು ಅದನ್ನ ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದು ತೋರ್ಸಿದ್ರು, ಮರಳಿನ ಕಣಗಳನ್ನ ಲೋಳೇಲಿ ಅಂಟಿಸಿ ಮಾಡಿದ ಮೊಟ್ಟೆಯ ಪಟ್ಟಿ ಅದು, ಸಾವಿರಾರು ಮೊಟ್ಟೆ ಇರುತ್ತೆ ಒಂದರಲ್ಲಿ. ವಾಪಸ್ ಒದ್ದೆ ಮರಳಲ್ಲಿಟ್ರು. ಇನ್ನೊಂದು ಕಡೆ ಮರಳಿನ ಸಣ್ಣ ಸಣ್ಣ ಗೋಲಿ, ರಂಗೋಲಿ ಚುಕ್ಕಿ ಇಟ್ಟ ಹಾಗೆ ಒಂದು ತೂತಿನ ಸುತ್ತ ಸಾಲುಸಾಲು. ಪುಟ್ಟ ಏಡಿಗಳು ಮರಳಲ್ಲಿರೋ ಆಹಾರ ಸೋಸ್ಕೊಂಡು ಉಳಿದ ಮರಳನ್ನ ಉಂಡೆ ಮಾಡಿ ಬಿಸಾಕಿರ್ತವೆ, ಭರತ ಬಂದ್ರೆ ಅಳಿಸಿ ಹೋಗುತ್ತೆ, ಮತ್ತೆ ಇಳಿತಕ್ಕೆ ಹೊಸಾದಾಗಿ ಹಾಕ್ತವೆ. ನಮ್ಮ ಹೆಣ್ಣುಮಕ್ಕಳು ಅದನ್ನ ತುಳೀದೆ ಸುತ್ತು ಹಾಕ್ಕೊಂಡು ಹೋದ್ರು, ಯಾರೂ ಹೇಳಿರ್ಲಿಲ್ಲ ಅವರಿಗೆ, ರಂಗೋಲಿ ತುಳಿಬಾರ್ದು ಅಂತ ಮನೇಲಿ ಕಲಿತಿರೋದು.

ಗ್ರಂದಿಗೆ ಅಂಗಡೀಲಿ ಸಮುದ್ರದ ನೊರೆ ಅಂತ ಬೆಳ್ಳಗೆ ಹಗುರವಾಗಿರೋ ತುಂಡು ಮಾರ್ತಾರಲ್ಲ, ಆಯುರ್ವೇದದಲ್ಲಿ ಸಮುದ್ರಫೇನ ಅಂತಾರೆ, ಅದು ನೊರೆ ಅಲ್ಲ, ಕಟಲ್‌ಫಿಶ್ ಅನ್ನೋ ಪ್ರಾಣಿಯ ಮೈಯೊಳಗಿನ ಚಿಪ್ಪು. ಅದೂ ಆರೇಳು ಸಿಕ್ತು. ಮುರಿದು ನೋಡಿದ್ರೆ ಒಳಗೆ ತೆಳ್ಳಗೆ ಪದರ ಪದರ, ಸಣ್ಣ ಸಣ್ಣ ಕೋಣೆ, ಅದರಲ್ಲಿ ಗಾಳಿ ನೀರು ಹೆಚ್ಚುಕಮ್ಮಿ ಮಾಡ್ಕೊಂಡು ಅದು ಮೇಲೆ ಕೆಳಗೆ ಹೋಗುತ್ತೆ. ಅಂಗೈ ಅಗಲದ ಮರದಷ್ಟು ಗಟ್ಟಿ ಕಂದು ಬೀಜ ಒಂದು, ಘಟ್ಟದ ಕಾಡಿನ ದೊಡ್ಡ ಬಳ್ಳೀದು, ಹೊಳೇಲಿ ತೇಲಿ ಸಮುದ್ರಕ್ಕೆ ಬಂದು ಮತ್ತೆ ದಡಕ್ಕೆ ಬಿದ್ದಿದ್ದು. ಡಾಂಬರಿನ ಉಂಡೆ, ಮುಟ್ಟಿದ್ರೆ ಕೈಗೆ ಅಂಟುತ್ತೆ, ಎಲ್ಲೋ ಹಡಗಿನ ಎಣ್ಣೆ ಗಟ್ಟಿಯಾಗಿ ಬಂದಿರೋದು. ಉಜ್ಜಿ ಉಜ್ಜಿ ನಯವಾದ ಹಸಿರು ಗಾಜಿನ ಚೂರು.

ಆಮೇಲೆ ಸನ್ಯಾಸಿ ಏಡಿ. ಇದಕ್ಕೆ ಹೊಟ್ಟೆ ಭಾಗ ಮೆತ್ತಗೆ, ಸ್ವಂತ ಚಿಪ್ಪಿಲ್ಲ, ಸತ್ತ ಬಸವನಹುಳುವಿನ ಖಾಲಿ ಚಿಪ್ಪಲ್ಲಿ ಸೇರ್ಕೊಂಡು ಹೊತ್ಕೊಂಡು ತಿರುಗುತ್ತೆ, ಬೆಳೀತಾ ಬೆಳೀತಾ ದೊಡ್ಡ ಚಿಪ್ಪು ಹುಡುಕಿ ಮನೆ ಬದಲಾಯಿಸುತ್ತೆ. ನಾವು ನೋಡಿದ್ರಲ್ಲಿ ಒಂದು ಏಡಿ ನೀರಿನ ಬಾಟಲಿಯ ನೀಲಿ ಮುಚ್ಚಳದೊಳಗೆ ಕೂತಿತ್ತು. ಮುಚ್ಚಳ ತೆರೆದೇ ಇರುತ್ತಲ್ಲ, ಹಿಂದೆಲ್ಲ ಮೈ ಕಾಣ್ತಿತ್ತು. ನಲವತ್ತು ಮಕ್ಕಳು ಸುತ್ತ ಕೂತು ಸದ್ದಿಲ್ದೆ ನೋಡಿದ್ವು. ಒಬ್ಬ ತನ್ನ ಜೇಬಿಂದ ಒಂದು ಖಾಲಿ ಚಿಪ್ಪು ತೆಗೆದು ಅದರ ಮುಂದೆ ಇಟ್ಟ. ಅದು ಹತ್ರ ಬಂದು ಕೊಂಡಿಯಿಂದ ತಿರುವಿ ಬಾಯಿಯೊಳಗೆ ಕಾಲು ಹಾಕಿ ಅಳತೆ ನೋಡ್ತು. ಬಸ್ ಹಾರ್ನ್ ಹೊಡೀತು, ನಾವು ಎದ್ವಿ, ಮನೆ ಬದಲಾಯಿಸ್ತೋ ಇಲ್ವೋ ನೋಡೋಕಾಗ್ಲಿಲ್ಲ. ಆ ಹುಡುಗ ಆಮೇಲೆ ಜೇಬಲ್ಲಿದ್ದ ಎಲ್ಲ ಚಿಪ್ಪೂ ಅಲ್ಲೇ ಸುರಿದು ಬಂದ, ನಾನೇನೂ ಹೇಳಿರ್ಲಿಲ್ಲ.

ಇನ್ನೊಬ್ಬ ಒಂದು ಚುಕ್ಕೆ ಚುಕ್ಕೆಯ ಶಂಖದಂಥದ್ದನ್ನ ಕೈಯಲ್ಲಿ ಹಿಡ್ಕೊಂಡಿದ್ದ. "ತಮಾ, ಅದ್ಕೆ ಜೀವ ಅದೆ, ಬಿಟ್ಬಿಡು" ಅಂದ್ರು ಮೇಡಂ ತಮ್ಮ, ನಿಧಾನಕ್ಕೆ, ಗದರಿಸದೆ. ತಿರುಗಿಸಿ ಬಾಯಿ ತೋರ್ಸಿದ್ರು, ಮುಚ್ಚಳ ಹಾಕ್ಕೊಂಡಿತ್ತು. ಆವಾಗ ನಂಗೆ ಅರಸೀಕೆರೆ ರೋಡ್ ಪಕ್ಕದ ಪೇಪರ್ ಕಣ್ಮುಂದೆ ಬಂತು. ಇಷ್ಟು ಸಣ್ಣ ಮಾತು, ಏಳು ವರ್ಷದ ಹಿಂದೆ ಹೇಳೋರು ಒಬ್ಬರು ಇದ್ದಿದ್ರೆ ಸಾಕಿತ್ತು. ಕೋನ್ ಸ್ನೇಲ್ ಅಂತ ಒಂದು ಜಾತಿ ಇದೆ, ಐಸ್‌ಕ್ರೀಮ್ ಕೋನ್ ಆಕಾರ, ನೋಡೋಕೆ ತುಂಬಾ ಚಂದ, ಆದ್ರೆ ವಿಷದ ಮುಳ್ಳು ಚುಚ್ಚುತ್ತೆ, ಅದಕ್ಕಾದ್ರೂ ಜೀವ ಇರೋದನ್ನ ಜೇಬಿಗೆ ಹಾಕೋಬಾರ್ದು.

ಚಿಪ್ಪು ಒಂದೆರಡು ತಂದ್ರೆ ಏನಾಗುತ್ತೆ ಅಂತ ಕೇಳ್ತಾರೆ. ಒಂದೆರಡಕ್ಕೆ ಏನೂ ಆಗಲ್ಲ, ನಾನೂ ತಂದಿದೀನಿ. ಚೀಲ ಚೀಲ ಹೋದಾಗ ಆಗುತ್ತೆ. ಸ್ಪೇನ್ ದೇಶದ ಒಂದು ಬೀಚಲ್ಲಿ ವಿಜ್ಞಾನಿಗಳು ಮೂವತ್ತು ವರ್ಷ ಬಿಟ್ಟು ಮತ್ತೆ ಚಿಪ್ಪು ಎಣಿಸಿದ್ರು, ಅಷ್ಟರಲ್ಲಿ ಟೂರಿಸ್ಟ್‌ಗಳು ಹೆಚ್ಚುಕಮ್ಮಿ ಮೂರು ಪಟ್ಟು ಆಗಿದ್ರು, ಚಿಪ್ಪು ಮೊದಲಿದ್ದ ಅರ್ಧಕ್ಕಿಂತ ಕಮ್ಮಿ ಆಗಿತ್ತು. ಡಿಸೆಂಬರ್‌ನಲ್ಲಿ ನಮ್ಮ ಬಯಲುಸೀಮೆಯಿಂದ ಘಟ್ಟ ಇಳಿಯೋ ಟೂರ್ ಬಸ್ಸುಗಳನ್ನ ನೋಡಿದೋರಿಗೆ ನಾನು ಇನ್ನೇನೂ ಹೇಳ್ಬೇಕಾಗಿಲ್ಲ. ಅದೇ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ರಾತ್ರಿ ದಡಕ್ಕೆ ಬಂದು ಮರಳಲ್ಲಿ ಗುಂಡಿ ತೋಡಿ ನೂರರ ಮೇಲೆ ಮೊಟ್ಟೆ ಇಡ್ತವೆ, ಹೊನ್ನಾವರದ ಕಾಸರಕೋಡ ಟೊಂಕದಂಥ ಕಡೆ.

ಮಧ್ಯಾಹ್ನ ಅಘನಾಶಿನಿ ಹಿನ್ನೀರಿನ ಕಡೆ ಹೋಗಿದ್ವಿ. ಹೆಂಗಸರು ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ಬಳಚು ಆರಿಸ್ತಿದ್ರು, ಅದು ಅವರ ಊಟ, ಅವರ ದುಡ್ಡು. ಮಕ್ಕಳು ಅದನ್ನ ಕಪ್ಪೆಚಿಪ್ಪು ಅಂದ್ರೆ ಅವರು ನಕ್ಕರು. ಎಷ್ಟೊತ್ತಿಗೆ ಬರ್ತೀರಮ್ಮ ಅಂತ ಕೇಳಿದ್ದಕ್ಕೆ ನೀರು ಇಳಿದಾಗ ಅಂದ್ರು, ಗಡಿಯಾರದ ಲೆಕ್ಕವೇ ಇಲ್ಲ. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ಬರೋ ಟೈಮ್ ನೋಡ್ಕೊಂಡು ರಾತ್ರಿ ಎರಡಕ್ಕೆ ಎದ್ದು ಮೋಟರ್ ಆನ್ ಮಾಡೋಕೆ ಹೋಗ್ತೀವಲ್ಲ, ಹಾಗೆ. ಅದನ್ನ ಹೇಳಿದಾಗ ನಮ್ಮ ಮಕ್ಕಳಿಗೆ ಉಬ್ಬರ ಇಳಿತ ಅಂದ್ರೇನು ಅಂತ ಒಂದೇ ಸಲಕ್ಕೆ ಅರ್ಥ ಆಯ್ತು. ಆ ಅಳಿವೆ ಪ್ರದೇಶ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ, ಮಕ್ಕಳಿಗೆ ಪೇಪರ್ ಕಟಿಂಗ್ ತೋರಿಸಿ ನಾವು ನಿಂತಿದ್ವಲ್ಲ ಅದೇ ಜಾಗ ಅಂದಾಗ ಅವರ ಮುಖ ನೋಡ್ಬೇಕಿತ್ತು.

ಒಬ್ಬ ಹುಡುಗನಿಗೆ ಮಾತ್ರ ಸಮಾಧಾನ ಇರ್ಲಿಲ್ಲ. ಅವನಿಗೆ ಪಳೆಯುಳಿಕೆ ಬೇಕಿತ್ತು. ಡೈನೋಸಾರ್ ಮೂಳೆ, ಅದಿಲ್ಲದಿದ್ರೆ ಕಲ್ಲಾಗಿರೋ ಶಂಖ. ಬೆಳಗ್ಗೆಯಿಂದ ಪ್ರತಿ ಕಲ್ಲನ್ನೂ ತಿರುಗಿಸಿ ನೋಡ್ತಿದ್ದ. ನಮ್ಮ ಕರಾವಳಿಯ ಬಂಡೆ ಹೆಚ್ಚಿನದು ಬೆಂಕಿ ಬಿಸಿಯಲ್ಲಿ ಆದ ಹಳೇ ಕಲ್ಲು, ಮೇಲೆ ಜಂಬಿಟ್ಟಿಗೆ, ಅದರಲ್ಲಿ ಅಂಥದ್ದು ಸಿಗೋದು ಕಷ್ಟ. ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬದ ಕಲ್ಲೂ ಲಾವಾನೇ, ಸುಮಾರು 8.8 ಕೋಟಿ ವರ್ಷದ್ದು, ಭಾರತ ಮಡಗಾಸ್ಕರ್ ಬೇರೆಯಾಗೋ ಕಾಲದ್ದು. ಪಳೆಯುಳಿಕೆ ಬೇಕಂದ್ರೆ ತಮಿಳುನಾಡಿನ ಅರಿಯಲೂರು ಕಡೆ ಹೋಗ್ಬೇಕು. ಅಥವಾ ಸಾಲಿಗ್ರಾಮ ಪೂಜೆ ಮಾಡೋ ಮನೆಗೆ ಹೋಗಿ ಕೈಮುಗಿದು ನೋಡ್ಬೇಕು, ನೇಪಾಳದ ಗಂಡಕಿ ನದೀಲಿ ಸಿಗೋ ಸಾಲಿಗ್ರಾಮದೊಳಗಿನ ಚಕ್ರ ಇದೆಯಲ್ಲ, ಅದು ಅಮೋನೈಟ್ ಅನ್ನೋ ಸಮುದ್ರ ಜೀವಿಯದ್ದು, ಹಿಮಾಲಯ ಏಳೋಕೆ ಮುಂಚೆ ಅಲ್ಲಿ ಸಮುದ್ರ ಇತ್ತು.

ಇಷ್ಟು ಹೇಳಿದೆ ಅವನಿಗೆ. ಅವನು ಕೇಳಿದ, "ಹಾಗಾದ್ರೆ ನಮ್ಮೂರಲ್ಲಿ ಸಮುದ್ರ ಇತ್ತಾ ಸಾರ್?"

ಇತ್ತು. ಇದನ್ನ ನಿಮ್ಮ ಓದುಗರಿಗೆ ಹೇಳ್ಬೇಕು ಅಂತಾನೇ ನಾನು ಇಷ್ಟು ಉದ್ದ ಬರೀತಿರೋದು. ಕೆಜಿಎಫ್ ಪಕ್ಕದ ಪೆದ್ದಪಲ್ಲಿ ಹತ್ರದ ಬಂಡೆಗಳನ್ನ ಜಿಯಾಲಜಿಕಲ್ ಸರ್ವೆಯೋರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದಾರೆ. ಅಲ್ಲಿ ಪಿಲ್ಲೋ ಲಾವಾ ಇದೆ, ದಿಂಬಿನ ಲಾವಾ. ಜ್ವಾಲಾಮುಖಿ ನೀರಿನೊಳಗೆ ಉಕ್ಕಿದ್ರೆ ಲಾವಾ ಹೊರಮೈ ತಕ್ಷಣ ತಣ್ಣಗಾಗಿ ಗಟ್ಟಿಯಾಗುತ್ತೆ, ಒಳಗಿಂದ ಇನ್ನೂ ಬಿಸಿದು ಒತ್ತುತ್ತೆ, ಹಾಗಾಗಿ ದಿಂಬು ಒಂದರ ಮೇಲೊಂದು ಪೇರಿಸಿದ ಹಾಗೆ ಕಲ್ಲಾಗುತ್ತೆ. ನೀರಿಲ್ದೆ ಆ ಆಕಾರ ಬರಲ್ಲ. ಕೋಲಾರದ ಚಿನ್ನ ಇರೋ ಈ ಕಲ್ಲಿನ ಪಟ್ಟಿ ಸುಮಾರು 270 ಕೋಟಿ ವರ್ಷದ್ದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ಮೇಲೆ ನಮ್ಮ ಜನಕ್ಕೆ ಆ ಕಡೆ ನೋಡಿದ್ರೆ ಬರೀ ಗಣಿ ಕಸದ ಸಯನೈಡ್ ದಿಣ್ಣೆ ನೆನಪಾಗುತ್ತೆ, ಕಾಲಡಿಯಲ್ಲಿ ಒಂದು ಸಮುದ್ರದ ತಳ ಇದೆ ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ. ಟೂರ್ ಮುಗಿದ ಮುಂದಿನ ತಿಂಗಳು ಆ ಹುಡುಗನ್ನೂ ಸೇರಿಸಿ ಹದಿನೈದು ಮಕ್ಕಳನ್ನ ಲೈನ್ ಬಸ್ಸಲ್ಲೇ ಕರ್ಕೊಂಡು ಹೋಗಿ ತೋರಿಸಿದೆ. ಅವನು ಬಂಡೆ ಮೇಲೆ ಕೈಯಿಟ್ಟು ತುಂಬಾ ಹೊತ್ತು ಕೂತಿದ್ದ.

ಪಳೆಯುಳಿಕೆಯೇ ಬೇಕು ಅಂದ್ರೆ ತುಮಕೂರು ಜಿಲ್ಲೇಲಿದೆ. ಗುಬ್ಬಿ ತಾಲ್ಲೂಕಿನ ದೊಡ್ಡಗುಣಿ ಕಡೆಯ ಸುಣ್ಣಕಲ್ಲಲ್ಲಿ ಸ್ಟ್ರೊಮಟೊಲೈಟ್ ಇದೆ ಅಂತ 1980ರ ದಶಕದಲ್ಲೇ ಭೂವಿಜ್ಞಾನಿಗಳು ಬರೆದಿದಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಪಾಚಿ ಥರದ್ದು, ಕಡಿಮೆ ಆಳದ ಸಮುದ್ರದಲ್ಲಿ ಪದರದ ಮೇಲೆ ಪದರ ಕಟ್ಕೊಂಡು ಹೋಗಿ ಈರುಳ್ಳಿ ಹೆಚ್ಚಿದ ಹಾಗೆ ಕಾಣೋ ಕಲ್ಲಾಗಿರೋದು. 250 ಕೋಟಿ ವರ್ಷಕ್ಕಿಂತ ಹಳೇದು. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವತ್ತಿಗೂ ಜೀವಂತ ಇವೆ ಅಂಥವು. ನಾವು ಉಸಿರಾಡೋ ಆಕ್ಸಿಜನ್ ಗಾಳಿಗೆ ಬರೋಕೆ ಶುರುವಾಗಿದ್ದೇ ಇಂಥ ಜೀವಿಗಳಿಂದ. ಅದಕ್ಕೆ ಸುತ್ತಿಗೆ ಹಾಕ್ಬೇಡಿ, ಫೋಟೋ ತೆಗೀರಿ ಸಾಕು.

ನಂದೇ ಒಂದು ನೆನಪು ಹೇಳ್ಬಿಡ್ತೀನಿ. ನಮ್ಮಜ್ಜಿ ಊರು ಶ್ರೀನಿವಾಸಪುರದ ಕಡೆ. ಕೆರೇಲಿ ನೀರು ಕಮ್ಮಿಯಾದಾಗ ಕೆಸರಲ್ಲಿ ಕಪ್ಪೆಚಿಪ್ಪು ಸಿಗ್ತಿತ್ತು, ಅದರ ಉಬ್ಬಿದ ಬೆನ್ನನ್ನ ಬಂಡೆಗೆ ಉಜ್ಜಿ ಉಜ್ಜಿ ತೂತು ಮಾಡಿ, ಆ ತೂತಿನ ಅಂಚಲ್ಲಿ ಮಾವಿನಕಾಯಿ ಸಿಪ್ಪೆ ಹೆರೀತಿದ್ವಿ, ತೆಳ್ಳಗೆ ರಿಬ್ಬನ್ ಥರ ಬರ್ತಿತ್ತು ಸಿಪ್ಪೆ. ಅಜ್ಜಿ ಆ ಚಿಪ್ಪನ್ನ ಉಪ್ಪಿನಕಾಯಿ ಸೀಸನ್ ಮುಗಿದ್ಮೇಲೆ ತೊಳೆದು ಗೂಡಲ್ಲಿ ಎತ್ತಿಡ್ತಿದ್ರು ಮುಂದಿನ ವರ್ಷಕ್ಕೆ. ಆ ಕೆರೆ ಹತ್ತು ವರ್ಷ ಒಣಗಿತ್ತು, ಈಗ ಮತ್ತೆ ನೀರು ಬಂದಿದೆ, ಚಿಪ್ಪು ನಾನು ಇನ್ನೂ ನೋಡಿಲ್ಲ. ಮೂನ್ ಸ್ನೇಲ್ ಕೊರೆದ ತೂತು ನೋಡಿದಾಗ ನಂಗೆ ಮೊದಲು ನೆನಪಾಗಿದ್ದು ಅಜ್ಜಿ ಗೂಡು.

ಈಗ ಬೇಡಿಕೆ. ಸಾರ್, ನಿಮ್ಮ ಪೇಪರಲ್ಲಿ ದಿನಾ ಸೂರ್ಯೋದಯ, ಸೂರ್ಯಾಸ್ತ, ರಾಹುಕಾಲ, ಗುಳಿಕಕಾಲ, ಚಿನ್ನದ ರೇಟು ಎಲ್ಲ ಹಾಕ್ತೀರಿ, ನಾವು ಅದನ್ನ ನೋಡ್ಕೊಂಡೇ ಮನೆಯಿಂದ ಹೊರಡೋದು. ನವೆಂಬರ್‌ನಿಂದ ಫೆಬ್ರವರಿವರೆಗೆ, ಟೂರ್ ಸೀಸನ್ ಇರೋವಷ್ಟು ದಿನ, ಅದರ ಪಕ್ಕ ಎರಡೇ ಎರಡು ಸಾಲು ಹಾಕಿ. ಕಾರವಾರ, ಮಲ್ಪೆ, ಮಂಗಳೂರು, ಇವತ್ತು ಭರತ ಎಷ್ಟೊತ್ತಿಗೆ ಇಳಿತ ಎಷ್ಟೊತ್ತಿಗೆ. ಕರಾವಳಿ ಆವೃತ್ತಿಗಿಂತ ಮುಖ್ಯವಾಗಿ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಆವೃತ್ತಿಗೆ ಹಾಕಿ, ಕರಾವಳಿಯೋರಿಗೆ ಹುಟ್ಟಿದಾಗಿಂದ ಗೊತ್ತು, ಗೊತ್ತಿಲ್ದೇ ಇರೋದು ನಮಗೆ. ಲೆಕ್ಕ ಸಿಗೋದು ಕಷ್ಟ ಏನಲ್ಲ, ಸರ್ವೆ ಆಫ್ ಇಂಡಿಯಾದೋರು ಪ್ರತಿ ವರ್ಷ ಇಡೀ ವರ್ಷದ ಟೈಡ್ ಟೇಬಲ್ ಮುಂಚೆನೇ ಪ್ರಿಂಟ್ ಮಾಡ್ತಾರೆ. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ದೊಡ್ಡ ಅಲೆ ಬರೋ ಎಚ್ಚರಿಕೆ ಕೊಡುತ್ತೆ, ಅದಿದ್ದ ದಿನ ಅದನ್ನ ದಪ್ಪ ಅಕ್ಷರದಲ್ಲಿ ಹಾಕಿ, ಆವತ್ತು ದಡಕ್ಕೇ ಹೋಗೋದು ಬೇಡ.

ಹೆಡ್‌ಮಾಸ್ಟರ್‌ಗಳಿಗೂ ಒಂದು ಮಾತು. ಬೀಚಿಗೆ ಮುಕ್ಕಾಲು ಗಂಟೆ ಅಲ್ಲ, ಎರಡು ಗಂಟೆ ಕೊಡಿ, ಅದೂ ಇಳಿತದ ಹೊತ್ತಿಗೆ, ಬೇಕಾದ್ರೆ ಒಂದು ದೇವಸ್ಥಾನವನ್ನ ಬಸ್ಸಿಂದಲೇ ಕೈಮುಗಿಸಿ. ನೀರಿನ ಹತ್ರ ಗೀಟು ಎಳೀರಿ, ಊರಿನೋರು ಒಬ್ಬರನ್ನ ಜೊತೆಗಿಟ್ಕೊಳ್ಳಿ, ಅವರಿಗೆ ಒಂದು ದಿನದ ಕೂಲಿ ಮರ್ಯಾದೆಯಿಂದ ಕೊಡಿ. ಮಗುವಿಗೆ ಮೂರು ಖಾಲಿ ಚಿಪ್ಪು ಸಾಕು, ಮುಚ್ಚಳ ಇರೋದು, ಕಾಲು ಕಾಣೋದು, ತೂಕ ಜಾಸ್ತಿ ಅನ್ಸೋದು ವಾಪಸ್ ಅಲ್ಲೇ. ನಮ್ಮ ಲ್ಯಾಬಲ್ಲಿ ಈಗ ಒಂದು ಶೂ ಬಾಕ್ಸ್ ಇದೆ, ಹತ್ತಿ ಹಾಸಿ ಚಿಪ್ಪು ಇಟ್ಟಿದೀವಿ, ಒಂದೊಂದರ ಕೆಳಗೆ ಚೀಟಿ, ಎಲ್ಲಿ ಸಿಕ್ತು, ಯಾವತ್ತು, ಯಾರು ನೋಡಿದ್ರು. ತೂತಿನ ಚಿಪ್ಪಿನ ಚೀಟೀಲಿ ಆ ಹುಡುಗಿ "ಇದಕ್ಕೆ ದಾರ ಹಾಕಬಾರದು" ಅಂತ ಬರೆದಿದಾಳೆ.

ಈ ಸಲ ಪೇರೆಂಟ್ಸ್ ಮೀಟಿಂಗಲ್ಲಿ ಇದೆಲ್ಲ ಹೇಳಿದೆ, ಗೀಟಿನ ವಿಷಯ, ಇಳಿತದ ವಿಷಯ. ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು, "ಆ ಟೈಮು ನಮಗೂ ಗೊತ್ತಾಗೋ ಹಾಗೆ ಮಾಡಿ ಸಾರ್, ಮನೇಲಿ ಕೂತು ನೋಡ್ಕೊಂಡಿರ್ತೀವಿ" ಅಂದ್ರು. ನಮ್ಮ ಬಸ್ಸು ಡಿಸೆಂಬರ್ ಕೊನೇ ವಾರ ಹೊರಡುತ್ತೆ, ಅಷ್ಟರೊಳಗೆ ನೀವು ಆ ಎರಡು ಸಾಲು ಶುರು ಮಾಡಿದ್ರೆ ಆ ತಾಯಿಗೆ ನಾನು ಪೇಪರ್ ತೋರಿಸ್ತೀನಿ.

ಇಂತಿ,
ಒಬ್ಬ ಹೈಸ್ಕೂಲ್ ಮೇಷ್ಟ್ರು,
ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ